ಗೌಹರ್ ಜಾನ್: ಪ್ಲೇಟಿನ ಕೊನೆಯಲ್ಲಿ ತನ್ನ ಹೆಸರು ಹೇಳಿದ ಗಾಯಕಿ

ಹಳೆಯ ಮನೆಗಳ ಅಟ್ಟದಲ್ಲಿ ಕೆಲವೊಮ್ಮೆ ಒಂದು ಭಾರವಾದ ಪೆಟ್ಟಿಗೆ ಸಿಗುತ್ತದೆ. ಮುಚ್ಚಳ ತೆಗೆದರೆ ಒಳಗೆ ನಾಯಿಯ ಚಿತ್ರ, ಪಕ್ಕದಲ್ಲಿ ಕೀ ಕೊಡುವ ಹ್ಯಾಂಡಲ್, ಕೆಳಗೆ ನಾಲ್ಕಾರು ಕಪ್ಪು ಪ್ಲೇಟುಗಳು. ಅದೇ ಗ್ರಾಮಾಫೋನು. ಇಂದು ಇಂಥ ಯಂತ್ರಗಳನ್ನೂ ಪ್ಲೇಟುಗಳನ್ನೂ ಹಣ ಕೊಟ್ಟು ಸಂಗ್ರಹಿಸುವವರು ದೇಶದ ತುಂಬ ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಅಸಲೋ, ನಕಲೋ?

ಈ ಸಂಗ್ರಾಹಕರು ಬಹಳ ಆಸೆಪಟ್ಟು ಹುಡುಕುವ ಪ್ಲೇಟುಗಳಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಪ್ಲೇಟುಗಳೂ ಸೇರಿವೆ. ಅಸಲು ಯಾವುದು ಎಂಬ ಇದೇ ಪ್ರಶ್ನೆಯನ್ನು ಅವರ ಬದುಕಿನಲ್ಲಿ ಜನ ಅವರ ಮೇಲೆಯೇ ಎತ್ತಿದ್ದರು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ. ಸಂಗೀತದ ಕುರಿತು ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆಯನ್ನು ಬದಿಗಿಟ್ಟು ಅವರ ಬದುಕನ್ನು ನೋಡಿದರೂ ಕಲಿಯಬೇಕಾದದ್ದು ಸಾಕಷ್ಟಿದೆ.

ಜನನ ಮತ್ತು ಬಾಲ್ಯ

ಗೌಹರ್ ಜಾನ್ 1873ರ ಜೂನ್ 26ರಂದು ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಹುಟ್ಟಿದರು. ಹುಟ್ಟಿದಾಗ ಇಟ್ಟ ಹೆಸರು ಏಂಜಲೀನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಅರ್ಮೇನಿಯನ್ ಮೂಲದ ಎಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮಿಂಗ್ಸ್. ವಿಕ್ಟೋರಿಯಾರ ತಂದೆ ಬ್ರಿಟಿಷರು, ತಾಯಿ ರುಕ್ಮಿಣಿ ಎಂಬ ಭಾರತೀಯ ಮಹಿಳೆ. ಹೀಗೆ ಒಂದೇ ಮಗುವಿನಲ್ಲಿ ಮೂರು ನಾಡುಗಳ ರಕ್ತ ಸೇರಿತ್ತು.

ಆದರೆ ಈ ಸಂಸಾರ ಬಹಳ ದಿನ ನಿಲ್ಲಲಿಲ್ಲ. 1879ರಲ್ಲಿ ತಂದೆ ತಾಯಿ ಬೇರೆಯಾದರು. ಆರು ವರ್ಷದ ಮಗಳನ್ನು ಕಟ್ಟಿಕೊಂಡು ತಾಯಿ ಬಡತನದ ಬಾಯಿಗೆ ಬಿದ್ದರು. ಆಗ ಖುರ್ಷಿದ್ ಎಂಬ ಗೃಹಸ್ಥರೊಬ್ಬರು ಅವರ ನೆರವಿಗೆ ನಿಂತರು. 1881ರ ಹೊತ್ತಿಗೆ ತಾಯಿ ಮಗಳು ಬನಾರಸಿಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಏಂಜಲೀನಾ ಗೌಹರ್ ಜಾನ್ ಆದರು. ಗೌಹರ್ ಎಂದರೆ ಮುತ್ತು, ರತ್ನ ಎಂದು ಅರ್ಥ.

ಮಲ್ಕಾ ಜಾನ್ ಕಥಕ್ ಮತ್ತು ಹಾಡುಗಾರಿಕೆಯಲ್ಲಿ ಹೆಸರು ಮಾಡಿದರು. ಉರ್ದು ಕವಿತೆಯನ್ನೂ ಬರೆಯುತ್ತಿದ್ದರು. ಅವರ ಕವನ ಸಂಗ್ರಹ 1886ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕಲಿಕೆಯ ದಿನಗಳು

1883ರಲ್ಲಿ ತಾಯಿ ಮಗಳು ಕಲ್ಕತ್ತಾಕ್ಕೆ ಹೋದರು. ರಾಜ್ಯ ಕಳೆದುಕೊಂಡ ಅವಧದ ನವಾಬ್ ವಾಜಿದ್ ಅಲಿ ಶಾ ಆಗ ಕಲ್ಕತ್ತಾದ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದರು. ಲಕ್ನೋದ ಕವಿಗಳು, ಉಸ್ತಾದರು, ನೃತ್ಯಗುರುಗಳು ಅವರ ಬೆನ್ನ ಹಿಂದೆ ಅಲ್ಲಿಗೆ ಬಂದಿದ್ದರು. ಮಲ್ಕಾ ಜಾನ್ ಅವರಿಗೆ ಆ ದರ್ಬಾರಿನಲ್ಲಿ ಆಶ್ರಯ ಸಿಕ್ಕಿತು. ಮುಂದೆ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆಯನ್ನೂ ಕೊಂಡರು.

ಗೌಹರ್ ಜಾನ್ ಕಲಿತದ್ದು ಈ ವಾತಾವರಣದಲ್ಲಿ. ಪಟಿಯಾಲದ ಕಾಲೇ ಖಾನ್, ರಾಂಪುರದ ವಜೀರ್ ಖಾನ್ ಅವರಂಥ ಉಸ್ತಾದರಿಂದ ಹಾಡುಗಾರಿಕೆ, ಬಿಂದಾದಿನ್ ಮಹಾರಾಜರಿಂದ ಕಥಕ್, ಚರಣ್ ದಾಸ್ ಅವರಿಂದ ಬಂಗಾಳಿ ಕೀರ್ತನೆ ಕಲಿತರು. ಉರ್ದು, ಫಾರಸಿ, ಬಂಗಾಳಿ, ಇಂಗ್ಲಿಷ್ ಕಲಿತರು. ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ಗಜಲುಗಳನ್ನು ಬರೆದರು. 1887ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ದರ್ಭಂಗಾದ ಆಸ್ಥಾನದಲ್ಲಿ ಮೊದಲ ಕಛೇರಿ ನಡೆಸಿ ಮೆಚ್ಚುಗೆ ಗಳಿಸಿದರು.

ಅಂದಿನ ಸಮಾಜ ಇಂಥ ಕಲಾವಿದೆಯರನ್ನು ತವಾಯಿಫ್ ಎಂದು ಕರೆಯುತ್ತಿತ್ತು. ಹಾಡು ಕೇಳಲು ದೊಡ್ಡವರೆಲ್ಲ ಬರುತ್ತಿದ್ದರು, ಆದರೆ ಮರ್ಯಾದೆಯ ಪಂಕ್ತಿಯಲ್ಲಿ ಜಾಗ ಕೊಡುತ್ತಿರಲಿಲ್ಲ. ಕಲೆ ಬೇಕು, ಕಲಾವಿದೆ ಬೇಡ ಎಂಬ ಈ ಇಬ್ಬಗೆಯನ್ನು ಗೌಹರ್ ಜಾನ್ ಜೀವನವಿಡೀ ಅನುಭವಿಸಿದರು.

1902ರ ನವೆಂಬರ್

ಅಮೆರಿಕದ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದರು. ಅದರಲ್ಲಿ ಧ್ವನಿ ಉರುಳೆಯ ಮೇಲೆ ಅಚ್ಚಾಗುತ್ತಿತ್ತು. ಹತ್ತು ವರ್ಷದ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಚಪ್ಪಟೆಯಾದ ಪ್ಲೇಟಿನ ಮೇಲೆ ಧ್ವನಿ ಬರೆಯುವ ಗ್ರಾಮಾಫೋನಿಗೆ ಪೇಟೆಂಟ್ ಪಡೆದರು. ಒಂದು ಅಚ್ಚಿನಿಂದ ಸಾವಿರಾರು ಪ್ಲೇಟು ತೆಗೆಯಲು ಸಾಧ್ಯವಾದ ಕಾರಣ ಗ್ರಾಮಾಫೋನೇ ಗೆದ್ದಿತು.

ಲಂಡನ್ನಿನ ಗ್ರಾಮಾಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞರನ್ನು 1902ರಲ್ಲಿ ಭಾರತಕ್ಕೆ ಕಳುಹಿಸಿತು. ಕಲ್ಕತ್ತಾದ ಹೋಟೆಲೊಂದರ ಕೋಣೆಯೇ ತಾತ್ಕಾಲಿಕ ಸ್ಟುಡಿಯೋ ಆಯಿತು. ಆ ನವೆಂಬರ್ ತಿಂಗಳಲ್ಲಿ ಗೌಹರ್ ಜಾನ್ ಅಲ್ಲಿ ಹಾಡಿದರು. ಭಾರತದ ನೆಲದಲ್ಲಿ ಧ್ವನಿ ಮುದ್ರಿಸಿದ ಮೊದಲ ಕಲಾವಿದರ ಸಾಲಿನಲ್ಲಿ ಅವರು ಪ್ರಮುಖರು.

ಆಗ ಮೈಕು ಇರಲಿಲ್ಲ, ವಿದ್ಯುತ್ತಿನ ಮುದ್ರಣ ಇರಲಿಲ್ಲ. ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಧ್ವನಿಯ ಒತ್ತಡಕ್ಕೆ ತೆಳುವಾದ ಪೊರೆ ಅದುರಿ, ಅದಕ್ಕೆ ಅಂಟಿದ ಸೂಜಿ ತಿರುಗುವ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಹತ್ತು ಇಂಚಿನ ಪ್ಲೇಟಿಗೆ ಹಿಡಿಸುವುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಗಂಟೆಗಟ್ಟಲೆ ಬೆಳೆಸುವ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸಿ, ರಾಗದ ಜೀವ ಹೋಗದಂತೆ ನೋಡಿಕೊಳ್ಳಬೇಕಿತ್ತು. ಅನೇಕ ಉಸ್ತಾದರು ಈ ಯಂತ್ರದ ಹತ್ತಿರ ಬರಲು ಹಿಂಜರಿದರು. ಗೌಹರ್ ಜಾನ್ ಧೈರ್ಯದಿಂದ ಮುಂದೆ ಬಂದು, ಯಂತ್ರದ ಮಿತಿಯನ್ನು ತಿಳಿದು, ಅದಕ್ಕೆ ತಕ್ಕ ಹಾಡುಗಾರಿಕೆಯನ್ನು ರೂಪಿಸಿಕೊಂಡರು. 1902ರಿಂದ 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಅವರು ಮುದ್ರಿಸಿದರೆಂದು ಲೆಕ್ಕ ಹಾಕಿದ್ದಾರೆ.

ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತನ್ನ ಹೆಸರು ಗೌಹರ್ ಜಾನ್ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಇದು ಜಂಬದ ಮಾತಲ್ಲ. ಮುದ್ರಿಸಿದ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿ ಪ್ಲೇಟು ಒತ್ತುವ ಕೆಲಸಗಾರರಿಗೆ ನಮ್ಮ ಭಾಷೆಯೂ ತಿಳಿಯದು, ಗಾಯಕರೂ ತಿಳಿಯರು. ಯಾವ ಪ್ಲೇಟಿಗೆ ಯಾರ ಹೆಸರಿನ ಲೇಬಲ್ ಹಾಕಬೇಕೆಂದು ಅವರಿಗೆ ಗೊತ್ತಾಗಲೆಂದು ಈ ವ್ಯವಸ್ಥೆ. ಬೇರೆ ಗಾಯಕರೂ ಹೀಗೆ ಹೆಸರು ಹೇಳಿದ್ದಾರೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಗೌಹರ್ ಜಾನ್ ಅವರ ದನಿ.

ಕೀರ್ತಿ ಹಬ್ಬಿತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಅವರ ಚಿತ್ರ ಬಂತು. 1911ರ ಡಿಸೆಂಬರಿನಲ್ಲಿ ದೆಹಲಿ ದರ್ಬಾರಿನ ಸಂದರ್ಭದಲ್ಲಿ ಅಲಹಾಬಾದಿನ ಜಾನಕಿಬಾಯಿಯವರ ಜೊತೆ ಐದನೇ ಜಾರ್ಜ್ ಚಕ್ರವರ್ತಿಯ ಮುಂದೆ ಹಾಡಿದರು.

ನ್ಯಾಯಾಲಯದಲ್ಲಿ ಅಸಲು

ಕೀರ್ತಿಯ ಬೆನ್ನಲ್ಲೇ ಕಷ್ಟವೂ ಬಂತು. 1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಅವರ ಮನೆಯಲ್ಲೇ ಬೆಳೆದಿದ್ದ, ಮನೆಗೆಲಸದವರ ಮಗ ಭಗಲೂ ಎಂಬಾತ, ತಾನೇ ಮಲ್ಕಾ ಜಾನ್ ಅವರ ನಿಜವಾದ ಮಗ, ಆಸ್ತಿಯೆಲ್ಲ ತನ್ನದು ಎಂದು ದಾವೆ ಹೂಡಿದ. ಗೌಹರ್ ಜಾನ್ ಅವರ ಹುಟ್ಟಿನ ಮೇಲೆಯೇ ಸಂಶಯ ಎಬ್ಬಿಸಿದ.

ಓದುಗರು ಒಂದು ಕ್ಷಣ ಯೋಚಿಸಬೇಕು. ದೇಶದ ಮೂಲೆ ಮೂಲೆಯಲ್ಲಿ ಪ್ಲೇಟಿನಿಂದ ಯಾರ ಹೆಸರು ಕೇಳಿಸುತ್ತಿತ್ತೋ ಆ ಹೆಂಗಸು, ತಾನು ಯಾರ ಮಗಳು ಎಂಬುದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಯಿತು. ಹೆಸರು ಬದಲಾಗಿತ್ತು, ಧರ್ಮ ಬದಲಾಗಿತ್ತು, ಊರು ಬದಲಾಗಿತ್ತು. ಬಾಲ್ಯದಲ್ಲಿ ಬಿಟ್ಟುಹೋದ ತಂದೆಯನ್ನು ಎಷ್ಟೋ ವರ್ಷಗಳ ನಂತರ ಅವರು ಹುಡುಕಿ ಕಂಡರು. ಕೊನೆಗೆ ಯೋವರ್ಡ್ ಅವರು ಈಕೆ ತನ್ನ ಮಗಳೆಂದು ಸಾಕ್ಷಿ ನುಡಿದರು. ಗೌಹರ್ ಜಾನ್ ದಾವೆ ಗೆದ್ದರು.

ಅಲ್ಲಿಗೂ ನೆಮ್ಮದಿ ಸಿಗಲಿಲ್ಲ. ತನ್ನ ಕೆಲಸಕಾರ್ಯ ನೋಡಿಕೊಳ್ಳುತ್ತಿದ್ದ, ವಯಸ್ಸಿನಲ್ಲಿ ತನಗಿಂತ ಚಿಕ್ಕವರಾದ ಅಬ್ಬಾಸ್ ಎಂಬುವರನ್ನು ನಂಬಿ ವಿವಾಹವಾದರು. ಆ ಸಂಬಂಧವೂ ಮುರಿದು, ಆಸ್ತಿಯ ಜಗಳವಾಗಿ ಕೋರ್ಟು ಮೆಟ್ಟಿಲೇರಿತು. ಗಳಿಸಿದ ಹಣದ ದೊಡ್ಡ ಪಾಲು ವ್ಯಾಜ್ಯಗಳಿಗೆ ಕರಗಿತು. ಕಲ್ಕತ್ತಾದ ವೈಭವ ಮುಗಿಯಿತು.

ಮೈಸೂರಿನ ಕೊನೆಯ ದಿನಗಳು

ಆ ಕಾಲದಲ್ಲಿ ಮೈಸೂರು ಕಲಾವಿದರ ಪಾಲಿಗೆ ತವರುಮನೆಯಂತಿತ್ತು. ಮೈಸೂರಿನ ಒಡೆಯರು ಕರ್ನಾಟಕ ಸಂಗೀತದ ವಿದ್ವಾಂಸರನ್ನು ಪೋಷಿಸಿದಂತೆಯೇ ಉತ್ತರದ ಉಸ್ತಾದರನ್ನೂ ಕರೆಸಿ ಗೌರವಿಸುತ್ತಿದ್ದರು. ಆಗ್ರಾ ಘರಾನೆಯ ಫೈಯಾಜ್ ಖಾನ್ ಅವರಿಗೆ ಆಫ್ತಾಬ್-ಎ-ಮೌಸಿಕಿ, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಸಿಕ್ಕಿದ್ದು ಮೈಸೂರು ಆಸ್ಥಾನದಲ್ಲಿ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಗೌಹರ್ ಜಾನ್ 1928ರ ಆಗಸ್ಟ್ 1ರಂದು ಅರಮನೆಯ ಸಂಗೀತಗಾರರಾಗಿ ನೇಮಕಗೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಕಾಟೇಜ್ ಎಂಬ ಮನೆ. ಆದರೆ ಆರೋಗ್ಯ ಕೆಟ್ಟಿತ್ತು, ಮನಸ್ಸೂ ಸೋತಿತ್ತು. ಒಂದೂವರೆ ವರ್ಷ ತುಂಬುವ ಮೊದಲೇ, 1930ರ ಜನವರಿ 17ರಂದು, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 56 ವರ್ಷ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಮರೆತುಹೋಗಿದ್ದ ಈ ಬದುಕನ್ನು ಮೈಸೂರು ಅರಮನೆಯ ಕಡತಗಳಿಂದ ಆರಂಭಿಸಿ ಹುಡುಕಿ, ವಿಕ್ರಮ್ ಸಂಪತ್ ಅವರು 2010ರಲ್ಲಿ ಇಂಗ್ಲಿಷಿನಲ್ಲಿ ಜೀವನಚರಿತ್ರೆ ಪ್ರಕಟಿಸಿದರು. 2018ರ ಜೂನ್ 26ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿ ಸ್ಮರಿಸಿತು.

ಪ್ಲೇಟು ಮತ್ತು ಯಂತ್ರ: ಅಸಲನ್ನು ಗುರುತಿಸುವುದು ಹೇಗೆ?

ಗೌಹರ್ ಜಾನ್ ಹೋದರು, ಪ್ಲೇಟುಗಳು ಉಳಿದವು. ಅವುಗಳ ಸುತ್ತ ದೊಡ್ಡ ವ್ಯಾಪಾರವೂ ಬೆಳೆಯಿತು. ವ್ಯಾಪಾರ ಬೆಳೆದಲ್ಲಿ ಮೋಸವೂ ಬರುತ್ತದೆ. ಆದ್ದರಿಂದ ಬಲ್ಲ ಸಂಗ್ರಾಹಕರು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ಸ್ವಲ್ಪ ತಿಳಿಯೋಣ.

ಮೊದಲು ಪ್ಲೇಟು. ಹಳೆಯ ಪ್ಲೇಟು ಅರಗು, ಕಲ್ಲಿನ ಪುಡಿ, ಕಪ್ಪು ಬಣ್ಣ ಸೇರಿಸಿ ಒತ್ತಿದ್ದು. ತೂಕ ಹೆಚ್ಚು, ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ. 1902ರ ಸುಮಾರಿನ ಪ್ಲೇಟುಗಳಿಗೆ ಒಂದೇ ಕಡೆ ಹಾಡು. ಹಿಂಬದಿಯಲ್ಲಿ ಅನೇಕ ವೇಳೆ ಗರಿ ಹಿಡಿದು ಬರೆಯುವ ದೇವದೂತನ ಉಬ್ಬು ಮುದ್ರೆ ಇರುತ್ತದೆ. ಅದು ಕಂಪನಿಯ ಆಗಿನ ಗುರುತು. ಲೇಬಲ್ಲಿನ ಮೇಲೆ ಹ್ಯಾನೋವರ್ ಹೆಸರಿರುತ್ತದೆ. 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ಪ್ಲೇಟುಗಳು ಇಲ್ಲೇ ತಯಾರಾದವು. ನಾಯಿಯ ಚಿತ್ರದ ಲೇಬಲ್ ಬಂದದ್ದೂ ಆ ಸುಮಾರಿನ ನಂತರವೇ. ಹಾಗಾಗಿ 1902ರ ಹಾಡು ನಾಯಿ ಲೇಬಲ್ಲಿನಲ್ಲಿ ಸಿಕ್ಕರೆ ಅದು ಖೋಟಾ ಅಲ್ಲ, ನಂತರ ಒತ್ತಿದ ಪ್ರತಿ. ಧ್ವನಿ ಅಸಲು, ಪ್ರತಿ ಎರಡನೆಯದು. ಲೇಬಲ್ಲಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆಯನ್ನು ಕಂಪನಿಯ ಪಟ್ಟಿಯೊಂದಿಗೆ ಹೋಲಿಸಬೇಕು. ಅಸಲು ಲೇಬಲ್ ಪ್ಲೇಟಿನ ಜೊತೆಗೇ ಬಿಸಿಯಲ್ಲಿ ಒತ್ತಿದ್ದು. ಅಂಚು ಉಗುರಿಗೆ ಏಳುತ್ತಿದ್ದರೆ ಯಾರೋ ಆಮೇಲೆ ಅಂಟಿಸಿದ್ದಾರೆ ಎಂದು ಅನುಮಾನಿಸಬೇಕು.

ಇನ್ನು ಯಂತ್ರ. ಹೊಳೆಯುವ ದೊಡ್ಡ ಹಿತ್ತಾಳೆ ಕಹಳೆ, ಎಂಟು ಮೂಲೆಯ ಪೆಟ್ಟಿಗೆ, ಮುಂದೆ ದೊಡ್ಡದಾದ ನಾಯಿಯ ಫಲಕ. ಮುಂಬೈಯ ಚೋರ್ ಬಜಾರಿನಂಥ ಕಡೆ ಇಂಥವು ಸಾಲಾಗಿ ಕಾಣುತ್ತವೆ. ಇವುಗಳಲ್ಲಿ ಬಹುಪಾಲು ಇತ್ತೀಚಿನ ದಶಕಗಳಲ್ಲಿ ಪ್ರವಾಸಿಗರಿಗೆಂದು ಜೋಡಿಸಿದವು. ಪೆಟ್ಟಿಗೆ ಹೊಸದು, ಕಹಳೆ ಹೊಸದು. ಒಳಗಿನ ಮೋಟಾರು ಮಾತ್ರ ಯಾವುದೋ ಹಳೆಯ ಸೂಟ್‌ಕೇಸ್ ಗ್ರಾಮಾಫೋನಿನಿಂದ ಕಿತ್ತದ್ದು. ಅಸಲು ಯಂತ್ರಗಳ ಕಹಳೆ ಹೆಚ್ಚಾಗಿ ಬಣ್ಣ ಹಚ್ಚಿದ ತಗಡಿನದು ಅಥವಾ ಮರದ್ದು. ಹಿತ್ತಾಳೆಯವೂ ಇದ್ದವು, ಆದರೆ ಹಿತ್ತಾಳೆಯ ಹೊಳಪು ಒಂದೇ ಸಾಕ್ಷಿಯಾಗಲಾರದು.

ಪರೀಕ್ಷೆಯ ಮುಖ್ಯ ಸೂತ್ರ ಕಾಲದ ಲೆಕ್ಕ. 1908ರದೆಂದು ಹೇಳುವ ಕಹಳೆ ಯಂತ್ರದಲ್ಲಿ 1930ರ ದಶಕದ ಅಲ್ಯುಮಿನಿಯಂ ಪೊರೆಯ ಸೌಂಡ್ ಬಾಕ್ಸ್ ಇದ್ದರೆ ಅದು ಆ ಯಂತ್ರದ್ದಲ್ಲ. ಆ ಕಾಲದ ಸೌಂಡ್ ಬಾಕ್ಸಿಗೆ ಅಭ್ರಕದ ಪೊರೆ ಇರಬೇಕು. ಕೂಡಿಸುವ ಚಿಹ್ನೆಯಂಥ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಹಳೆಯ ಯಂತ್ರದಲ್ಲಿ ಅದು ಕಂಡರೆ ಆ ಜಾಗಕ್ಕೆ ಯಾರೋ ಕೈ ಹಾಕಿದ್ದಾರೆ. ಮೋಟಾರಿನ ಹಲಗೆ ಎತ್ತಿ ಕೆಳಗೆ ನೋಡಬೇಕು. ಉಪಯೋಗವಿಲ್ಲದ ತೂತುಗಳಿದ್ದರೆ ಅಲ್ಲಿ ಮೊದಲು ಬೇರೆ ಮೋಟಾರು ಇತ್ತೆಂದು ತಿಳಿಯಬೇಕು. ಸವೆತವೂ ಹೊಂದಬೇಕು. ಹ್ಯಾಂಡಲ್ ಹಿಡಿ ಸವೆದಿದ್ದರೆ ಕೀಲಿ ತೂತಿನ ಸುತ್ತಲ ಮರವೂ ಸವೆದಿರಬೇಕಲ್ಲವೇ?

ಆದರೆ ಬದಲಾದ ಭಾಗವೆಲ್ಲ ದೋಷವಲ್ಲ. ಸ್ಪ್ರಿಂಗು ತುಂಡಾಗುತ್ತದೆ, ಹೊಸದು ಹಾಕಲೇಬೇಕು. ಸೌಂಡ್ ಬಾಕ್ಸಿನ ರಬ್ಬರು ಕಾಲಕ್ರಮದಲ್ಲಿ ಕಲ್ಲಾಗುತ್ತದೆ, ಬದಲಿಸದೆ ಧ್ವನಿ ಸರಿ ಬಾರದು. ಉಕ್ಕಿನ ಸೂಜಿಯಂತೂ ಪ್ರತಿ ಹಾಡಿಗೆ ಹೊಸದಾಗಬೇಕು. ಬದಲಿಸಿದ್ದನ್ನು ಬದಲಿಸಿದೆ ಎಂದು ಹೇಳಿ ಮಾರುವವನು ಪ್ರಾಮಾಣಿಕ ವ್ಯಾಪಾರಿ. ಮುಚ್ಚಿಟ್ಟು, ಎಲ್ಲವೂ ಕಂಪನಿಯದ್ದೇ ಎಂದು ಹೇಳುವವನು ಮೋಸಗಾರ. ಭಾಗ ಹೊಸದಾದರೆ ಯಂತ್ರ ನಕಲಿಯಾಗುವುದಿಲ್ಲ. ಸುಳ್ಳು ಹೇಳಿದಾಗ ನಕಲಿಯಾಗುತ್ತದೆ.

ಆ ಪ್ರಸಿದ್ಧ ನಾಯಿಯ ಚಿತ್ರವೇ ಇದಕ್ಕೆ ಉದಾಹರಣೆ. ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರ ಮೊದಲು ಬರೆದಾಗ ನಾಯಿಯ ಮುಂದೆ ಇದ್ದದ್ದು ಉರುಳೆಯ ಫೋನೋಗ್ರಾಫ್. 1899ರಲ್ಲಿ ಗ್ರಾಮಾಫೋನ್ ಕಂಪನಿ ಚಿತ್ರವನ್ನು ಕೊಂಡಾಗ, ಅದರ ಮೇಲೆಯೇ ಬಣ್ಣ ಹಚ್ಚಿ ಗ್ರಾಮಾಫೋನ್ ಬರೆಸಲಾಯಿತು. ಇದನ್ನು ಯಾರೂ ಮುಚ್ಚಿಡಲಿಲ್ಲ, ಆದ್ದರಿಂದ ಆ ಚಿತ್ರವನ್ನು ಯಾರೂ ಖೋಟಾ ಎನ್ನುವುದಿಲ್ಲ.

ನಮ್ಮ ಊರು, ನಮ್ಮ ಪಾಠ

ಇದನ್ನು ಅರಿಯಲು ನಮ್ಮ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯನ್ನು ಹದಿನಾರನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕರು ಕಟ್ಟಿಸಿದರು. ಪಕ್ಕದ ಮುಸಾಫಿರ್‌ಖಾನಾ ಬಿಜಾಪುರದ ಸೇನಾನಿ ರಣದುಲ್ಲಾ ಖಾನರ ಕಾಲದ್ದು. ಒಂದೇ ಆವರಣ, ಎರಡು ಕಾಲ, ಎರಡು ಕೈಗಳು. ಯಾವ ಕಲ್ಲು ಯಾರದೆಂದು ತಿಳಿದು ಹೇಳಿದರೆ ಎರಡೂ ಅಸಲೇ. ಎಲ್ಲವೂ ಒಬ್ಬರದೇ ಎಂದರೆ ಮಾತ್ರ ಸುಳ್ಳು.

ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಪ್ರವಾದಿಯವರ (ಸ.ಅ.) ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆದ ಧಾನ್ಯವನ್ನು ವ್ಯಾಪಾರಿ ಕೆಳಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ್ದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿಯವರು ಕೇಳಿ, ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಧಾನ್ಯ ನೆನೆದದ್ದು ಅಪರಾಧವಲ್ಲ, ಅದನ್ನು ಮುಚ್ಚಿದ್ದು ಅಪರಾಧ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮುನ್ನ ಅದು ಯಾರಿಂದ ಯಾರಿಗೆ ಬಂತೆಂಬ ಸನದನ್ನು ಕೇಳುವುದೂ ಇದೇ ಕಾರಣಕ್ಕೆ. ಹಳೆಯ ಯಂತ್ರಕ್ಕೂ ಇಂಥದೊಂದು ಸನದು ಬೇಕು.

ಪ್ರಿಯ ವಿದ್ಯಾರ್ಥಿಗಳೇ, ಗೌಹರ್ ಜಾನ್ ಅವರ ಬದುಕನ್ನು ಈ ಬೆಳಕಿನಲ್ಲಿ ನೋಡಿರಿ. ಹುಟ್ಟಿದ ಹೆಸರು ಉಳಿಯಲಿಲ್ಲ, ಹುಟ್ಟಿದ ಊರು ಉಳಿಯಲಿಲ್ಲ, ಮನೆಮಾತೂ ಬದಲಾಯಿತು. ಇಷ್ಟೆಲ್ಲ ಬದಲಾದ ಮಾತ್ರಕ್ಕೆ ಅವರು ನಕಲಿಯಾಗಲಿಲ್ಲ. ಕಲಿತ ವಿದ್ಯೆ ಅಸಲು, ದುಡಿಮೆ ಅಸಲು, ಪ್ರತಿ ಹಾಡಿನ ಕೊನೆಗೆ ಅಳುಕದೆ ಹೇಳಿದ ಹೆಸರು ಅಸಲು. ಅವರ ಮೂಲವನ್ನು ಹಿಡಿದು ಹಂಗಿಸಿದವರ ದಾವೆ ಕೋರ್ಟಿನಲ್ಲಿ ಬಿದ್ದುಹೋಯಿತು.

ಇಂದು ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಸಂಸ್ಥೆಗಳು ಹಳೆಯ ಪ್ಲೇಟುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಿವೆ. ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಪ್ಲೇಟೋ ಪೆಟ್ಟಿಗೆಯೋ ಇದ್ದರೆ ಗುಜರಿಗೆ ಹಾಕಬೇಡಿರಿ. ಒಗೆದು ತಿಕ್ಕಿ ಹೊಳಪು ಕೊಡಲೂ ಹೋಗಬೇಡಿರಿ. ಅದು ಯಾರದು, ಎಲ್ಲಿಂದ ಬಂತು, ಯಾವ ಭಾಗ ಯಾವಾಗ ಬದಲಾಯಿತು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಡಿರಿ. ಮುಂದಿನವರಿಗೆ ಅದೇ ಅದರ ಸನದು.